ವೆರಿ ಫೈನ್ ರೂಪಾಯಿ

ಕೊರಿಯರ್‌ನವನು ಕವರನ್ನು ಬಸ್ಸಿನಲ್ಲಿ ಮರೆತುಬಿಡಬಹುದಿತ್ತು. ಮರೆಯದಿದ್ದರೆ ಬಿಚ್ಚಿ ನೋಡಬಹುದಿತ್ತು. ಬಿಚ್ಚಿ ನೋಡಿ, ಒಳಗಿದ್ದ ಬೆಳ್ಳಿ ರೂಪಾಯಿ ಎತ್ತಿಕೊಂಡು ಅದರ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳ ಇಟ್ಟು ಅಂಟಿಸಬಹುದಿತ್ತು. ಕವರು ನೆಟ್ಟಗೆ ತಲುಪಿದರೂ ಅಷ್ಟರಲ್ಲಿ ನಾಣ್ಯ ಪರೀಕ್ಷೆ ಮಾಡುವ ಆ ಕಂಪನಿಯೇ ಬಾಗಿಲು ಹಾಕಿಕೊಂಡು ಹೋಗಿರಬಹುದಿತ್ತು. ಬಾಗಿಲು ತೆರೆದಿದ್ದರೆ, ಅಲ್ಲಿ ಭೂತಗನ್ನಡಿ ಹಿಡಿದು ಕೂತವನಿಗೆ ಆವತ್ತು ಬೆಳಗ್ಗೆಯೇ ಹೆಂಡತಿಯ ಜೊತೆ ಜಗಳವಾಗಿರಬಹುದಿತ್ತು. ನಮ್ಮ ಮಧುಗಿರಿಯಲ್ಲಿ ಬೆಟ್ಟವಿರುವುದರಿಂದ, ಬೆಟ್ಟದ ಮೇಲೆ ಕೋಟೆಯಿರುವುದರಿಂದ, ಕೋಟೆಯಿದ್ದ ಮೇಲೆ ನಿಧಿಯೂ ಇರಲೇಬೇಕು ಎಂದು ಅರ್ಧ ಊರು ನಂಬಿರುವುದರಿಂದ, ‘ತಾಲ್ಲೂಕು ಕಚೇರಿ ರಂಗನಾಥನಿಗೆ ಹಳೇ ದುಡ್ಡು ಸಿಕ್ಕೈತಂತೆ’ ಎಂಬ ಸುದ್ದಿ ಹಬ್ಬಿ, ಯಾರಾದರೂ ನಿಂಬೆಹಣ್ಣು ಕುಂಕುಮ ಹಿಡಿದುಕೊಂಡು ಬಂದು ನಮ್ಮ ಬಚ್ಚಲುಮನೆ ಅಗೆಯಬಹುದಿತ್ತು. ಅಗೆಯುವವರಿಗಿಂತ ಮೊದಲು ಪೊಲೀಸರು ಬರಬಹುದಿತ್ತು. ಪೊಲೀಸರಿಗಿಂತ ಮೊದಲು ನನ್ನ ಹೆಂಡತಿಯ ಅಣ್ಣ ಬರಬಹುದಿತ್ತು. ಇವೆಲ್ಲದರ ನಡುವೆ ನನಗೆ ಬಿ.ಪಿ. ಏರಿ, ಆ ರೂಪಾಯಿಯ ಸಂಗತಿ ಯಾರಿಗೂ ಗೊತ್ತಾಗದೆ ಉಳಿದುಹೋಗಬಹುದಿತ್ತು.

ಇದರಲ್ಲಿ ಒಂದಾದರೂ ನಡೆಯಿತೇ ಎಂದು ನೀವು ಕೇಳಬಹುದು. ಒಂದೂ ನಡೆಯಲಿಲ್ಲ. ನಡೆದದ್ದು ಬೇರೆಯೇ. ಇಷ್ಟು ಕಷ್ಟಪಟ್ಟು ಯೋಚಿಸಿದ ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ ಎನ್ನುವುದೇ ನನ್ನ ಸಂಕಟ.

ನಾನು ಮೊದಲಿನಿಂದಲೂ ಚಿಂತೆಯ ಮನುಷ್ಯ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಕೊರಟಗೆರೆಯವರೆಗೆ ಹೋಗಿ ವಾಪಸು ಬಂದಿದ್ದೇನೆ. ಬಂದು ನೋಡಿದರೆ ಗ್ಯಾಸು ಆರಿತ್ತು, ಮುಂಬಾಗಿಲಿಗೆ ಬೀಗ ಹಾಕಿರಲಿಲ್ಲ. ಇಂಥವನು ಒಂದು ನಾಣ್ಯಕ್ಕೆ ದರ್ಜೆ ಕೊಡಿಸುವ ಕೆಲಸಕ್ಕೆ ಕೈಹಾಕಬಾರದಿತ್ತು. ಅದೂ ನನ್ನ ಹುದ್ದೆಯ ಹೆಸರೇ ಪ್ರಥಮ ದರ್ಜೆ ಸಹಾಯಕ. ಸರ್ಕಾರವೇ ಪರೀಕ್ಷೆ ಇಟ್ಟು, ಒರೆಗೆ ಹಚ್ಚಿ, ಈತ ಪ್ರಥಮ ದರ್ಜೆ ಎಂದು ಮುದ್ರೆ ಒತ್ತಿದೆ. ನಮ್ಮ ಕಚೇರಿಯಲ್ಲಿ ಯಾವ ಕಡತ ಎಲ್ಲಿದೆ ಎಂದು ಕೇಳಿದರೆ ದ್ವಿತೀಯ ದರ್ಜೆಯ ಹುಡುಗಿ ಥಟ್ಟನೆ ಹೇಳುತ್ತಾಳೆ, ಪ್ರಥಮ ದರ್ಜೆಯ ನಾನು ಮೇಜಿನ ಕೆಳಗೆ ಬಗ್ಗಿ ಹುಡುಕುತ್ತಿರುತ್ತೇನೆ. ದರ್ಜೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತಿಳಿಯಲು ಕನ್ನಡಿ ನೋಡಿಕೊಂಡಿದ್ದರೆ ಸಾಕಾಗಿತ್ತು. ನೋಡಿಕೊಳ್ಳಲಿಲ್ಲ.

ರೂಪಾಯಿ ನನ್ನದಲ್ಲ, ನನ್ನ ಸೋದರತ್ತೆ ನರಸಮ್ಮನವರದು. ನಮ್ಮ ಮೂಲ ಊರು ಐ.ಡಿ.ಹಳ್ಳಿ. ಅಲ್ಲಿಂದ ಅತ್ತೆಯನ್ನು ದೊಡ್ಡೇರಿಗೆ ಕೊಟ್ಟಾಗ ನನ್ನ ಅಜ್ಜಿ ಅವರ ಮಡಿಲಕ್ಕಿಗೆ, ಅಕ್ಕಿ, ಕೊಬ್ಬರಿ, ಬಳೆ, ಎಲೆ ಅಡಿಕೆಯ ಜೊತೆ, ಬ್ರಿಟಿಷರ ಕಾಲದ, ರಾಣಿಯ ತಲೆಯಿದ್ದ ಒಂದು ಬೆಳ್ಳಿ ರೂಪಾಯಿ ಹಾಕಿ ಕಳಿಸಿದ್ದರಂತೆ. ಗಂಡನ ಮನೆಯಲ್ಲಿ ಮಡಿಲಕ್ಕಿ ಬಿಚ್ಚಿದಾಗ ಹಿರಿಯ ಸೊಸೆ, ಅಂದರೆ ಅತ್ತೆಯ ವಾರಗಿತ್ತಿ ಕದಿರಮ್ಮ, ಆ ರೂಪಾಯಿಯನ್ನು ಎತ್ತಿ ಒರಳುಕಲ್ಲಿನ ಅಂಚಿಗೆ ಬಡಿದು, ಕಿವಿಗೊಟ್ಟು ಕೇಳಿ, ಸದ್ದೇ ಬರಲಿಲ್ಲ, ಇದು ಖೋಟಾ ಎಂದುಬಿಟ್ಟರು. ಹೊರಗೆ ವಾಲಗ ಜೋರಾಗಿತ್ತು, ಬೇರೆ ಯಾರಿಗೂ ಏನೂ ಕೇಳುವಂತಿರಲಿಲ್ಲ. ಹಿರೀ ಸೊಸೆ ಹೇಳಿದ ಮೇಲೆ ಮುಗಿಯಿತು. ಅವತ್ತಿನಿಂದ ಹಬ್ಬವಿರಲಿ, ನಾಮಕರಣವಿರಲಿ, ಅತ್ತೆಯ ತವರಿನ ಮಾತು ಬಂದರೆ ಸಾಕು, ‘ಖೋಟಾ ರೂಪಾಯಿ ಮಂದಿ’ ಎಂಬ ಒಗ್ಗರಣೆ ಬೀಳುತ್ತಿತ್ತು. ನಾನು ಚಿಕ್ಕವನಿದ್ದಾಗ ದೊಡ್ಡೇರಿಗೆ ಹೋದರೆ ಕದಿರಮ್ಮನವರು ನನ್ನ ಕೈಗೆ ಕೋಡುಬಳೆ ಕೊಟ್ಟು, ಕಚ್ಚಿ ನೋಡ್ಕೋ, ನಮ್ಮನೇದು ಅಸಲಿ ಎನ್ನುತ್ತಿದ್ದರು. ನಾನು ಕಚ್ಚಿ ನೋಡುತ್ತಿದ್ದೆ. ಅಸಲಿಯೇ ಆಗಿರುತ್ತಿತ್ತು.

ಕದಿರಮ್ಮನವರು ಪಾವಗಡ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. ತವರಾದ ವಳ್ಳೂರಿನಲ್ಲಿ ಅವರ ಪಾಲಿಗೆ ಬಂದ ಹೊಲ ಸೋಲಾರ್‌ಗೆ ಗುತ್ತಿಗೆ ಹೋದ ಮೇಲೆ ಅಲ್ಲೇ ಮನೆ ಕಟ್ಟಿಸಿಕೊಂಡು ಮಗನ ಜೊತೆ ಇದ್ದಾರೆ. ಈಗಲೂ ಅವರು ಯಾವ ಸಮಾರಂಭಕ್ಕೆ ಬಂದರೂ ಸಾಲಿನ ಬಲತುದಿಯ ಕುರ್ಚಿಯೇ ಬೇಕು, ನಡುವೆ ಕೂರುವವರಲ್ಲ. ಹಿರಿಯ ಸೊಸೆಯ ಗತ್ತು ಎಂದು ನಾವೆಲ್ಲ ತಿಳಿದಿದ್ದೆವು.

ಹೀಗಿರುವಾಗ ಅತ್ತೆಯ ಮೊಮ್ಮಗಳು ಚೈತ್ರಳ ಮದುವೆ ಗೊತ್ತಾಯಿತು. ಗಂಡಿನವರು ಸಿರಾದವರು, ಮದುವೆ ಕೊರಟಗೆರೆಯ ಕಲ್ಯಾಣ ಮಂಟಪದಲ್ಲಿ. ಒಂದು ಭಾನುವಾರ ಅತ್ತೆ ಬಸ್ಸು ಹತ್ತಿ ಮಧುಗಿರಿಗೆ ಬಂದರು. ಕಾಫಿಯನ್ನೂ ಕುಡಿಯದೆ ಸೆರಗಿನ ಗಂಟು ಬಿಚ್ಚಿ ರೂಪಾಯಿಯನ್ನು ನನ್ನ ಕೈಗಿಟ್ಟರು. ಚೈತ್ರಳ ಮಡಿಲಿಗೆ ಇದನ್ನೇ ಹಾಕಬೇಕು, ಕದಿರಕ್ಕನ ಮುಂದೆಯೇ ಹಾಕಬೇಕು, ಆದರೆ ಖೋಟಾ ಆಗಿದ್ದರೆ ಹಾಕಬಾರದು, ಇದೇ ಅವರ ಮಾತು. ಅಸಲಿಯಾದರೆ ಮೊಮ್ಮಗಳ ಮಡಿಲಿಗೆ, ಖೋಟಾ ಆದರೆ ದೊಡ್ಡೇರಿ ಕೆರೆಗೆ. ತವರಿನ ಗಂಡುಮಗ ಎಂದು ಉಳಿದಿರುವವನು ನೀನೊಬ್ಬ, ನೀನೇ ಇದನ್ನು ತೀರ್ಮಾನ ಮಾಡಿಸು ಎಂದರು. ನೀವೇ ಒಂದು ಸಲ ಕಲ್ಲಿಗೆ ಬಡಿದು ನೋಡಬಹುದಿತ್ತಲ್ಲ ಎಂದೆ.

“ಬಡ್ದು ನೋಡಿಲ್ವಾ? ಯಾರೂ ಇಲ್ದಾಗ ಎಷ್ಟೋ ಸಲ ನೋಡಿವ್ನಿ. ನಂಗೆ ಕೇಳ್ತದೆ ಕಣ್ಲಾ. ಕಿವಿಗೆ ಕೇಳ್ತದೋ ಆಸೆಗೆ ಕೇಳ್ತದೋ, ಅದೇ ಗೊತ್ತಾಗಾಕಿಲ್ಲ.”

ರೂಪಾಯಿ ಇಟ್ಟುಕೊಂಡೆ. ಆವತ್ತಿನಿಂದ ನನ್ನ ನಿದ್ದೆ ಹೋಯಿತು.

ಮೊದಲು ಸಿರಾಗೆ ಹೋದೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಳೇ ಬೀಗ, ಹಿತ್ತಾಳೆ ದೀಪ, ಓಡದ ಗಡಿಯಾರ, ಹಳೇ ನಾಣ್ಯ ಮಾರುವ ಬಾಷಾ ಎಂಬ ನನ್ನ ಪರಿಚಯದವರಿದ್ದಾರೆ. ಅವರು ರೂಪಾಯಿಯನ್ನು ಬೆರಳಿನ ತುದಿಯಲ್ಲಿ ನಿಲ್ಲಿಸಿಕೊಂಡು, ಉಗುರಿನಿಂದ ಮೀಟಿ, “ಏಕ್‌ದಮ್ ಅಸ್ಲಿ ಸಾರ್, ಕಸಮ್,” ಎಂದು ಆಣೆ ಹಾಕಿದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಕುಣಿಯುವ ಮೊದಲು ಚಿಂತಿಸುವುದು ನನ್ನ ರೂಢಿ. ಬಾಷಾ ಹೇಳಿದರು ಎಂದರೆ ಕದಿರಮ್ಮನವರು, ಆ ಸಾಬಣ್ಣನಿಗೆ ಎಷ್ಟು ಟೀ ಕುಡಿಸಿದೆ ಎಂದು ಕೇಳುವುದಿಲ್ಲವೇ? ಬಾಷಾ ಸಹ ಇದನ್ನು ಒಪ್ಪಿದರು. ಮನುಷ್ಯರ ಮಾತು ಯಾರು ನಂಬುತ್ತಾರೆ ಸಾರ್, ಡಬ್ಬಿ ಮಾಡಿಸಿ ಎಂದರು. ಡಬ್ಬಿ ಎಂದರೆ, ದೊಡ್ಡ ಊರಿನಲ್ಲಿ ಕಂಪನಿಗಳಿವೆ, ನಾಣ್ಯ ಕಳಿಸಿದರೆ ತಜ್ಞರು ನೋಡಿ, ಅಸಲಿ ನಕಲಿ ತೀರ್ಮಾನಿಸಿ, ಎಷ್ಟು ಸವೆದಿದೆ ಎಂಬುದಕ್ಕೆ ದರ್ಜೆ ಹಾಕಿ, ಚೀಟಿ ಸಮೇತ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಮಾಡಿ ವಾಪಸು ಕಳಿಸುತ್ತಾರೆ. ಆಮೇಲೆ ಅದನ್ನು ದೇವರೂ ಬಿಚ್ಚುವ ಹಾಗಿಲ್ಲ.

ಆ ದರ್ಜೆಗಳ ಪಟ್ಟಿಯನ್ನು ಮೊಬೈಲಿನಲ್ಲಿ ಓದಿದಾಗ ನನಗೆ ಮೊದಲ ಆಘಾತವಾಯಿತು. ಅದರಲ್ಲಿ ‘ಗುಡ್’ ಎನ್ನುವುದು ಹೆಚ್ಚುಕಡಿಮೆ ತಳದ ದರ್ಜೆ. ಗುಡ್ ಎಂದರೆ ರಾಣಿಯ ಮುಖ ಸವೆದೂ ಸವೆದೂ, ಅದು ರಾಣಿಯೋ ರಾಗಿಮುದ್ದೆಯೋ ಗೊತ್ತಾಗದ ಸ್ಥಿತಿ. ನನ್ನ ಹೆಂಡತಿ ಪುಷ್ಪ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮಕ್ಕಳ ಕಾಪಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ಗುಡ್’ ಎಂದು ಬರೆದೇ ಅವಳ ಕೈ ಬಾಗಿದೆ. ಅವಳಿಗೆ ಇದನ್ನು ಓದಿ ಹೇಳಿದಾಗ ರೊಟ್ಟಿ ತಟ್ಟುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಇಷ್ಟು ವರ್ಷ ಆ ಮಕ್ಕಳಿಗೆಲ್ಲ ನಾನು ಏನು ಬರೆದುಕೊಟ್ಟೆ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಸುಧಾರಿಸಿಕೊಂಡು, ನನ್ನ ನೆತ್ತಿಯ ಕಡೆಗೊಮ್ಮೆ ನೋಡಿ, “ನೀವೂ ಈಗ ಗುಡ್‌ಗೆ ಬಂದಿದ್ದೀರಿ ಬಿಡಿ,” ಎಂದಳು. ಮಾರನೆಯ ದಿನದಿಂದ ಅವಳು ಕನ್ನಡದಲ್ಲಿ ‘ಚೆನ್ನಾಗಿದೆ’ ಎಂದು ಬರೆಯತೊಡಗಿದ್ದಾಳೆ.

ಕವರು ಕಳಿಸಿದೆ. ಅದು ಹೋಗಿ ಬರುವವರೆಗೆ ಏನೇನು ಆಗಬಹುದಿತ್ತು ಎನ್ನುವುದನ್ನು ಆಗಲೇ ಹೇಳಿದ್ದೇನೆ. ಒಂದೂ ಆಗದೆ ಕವರು ವಾಪಸು ಬಂತು. ಒಳಗೆ ಡಬ್ಬಿ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬರೀ ರೂಪಾಯಿ, ಜೊತೆಗೊಂದು ಚೀಟಿ. ಮೇಲ್ಮೈ ಅಸಹಜವಾಗಿದೆ, ತಿಕ್ಕಲಾಗಿದೆ, ನೈಜತೆಯನ್ನು ದೃಢಪಡಿಸಲಾಗದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ತಿಕ್ಕಿದ್ದು ನಿಜ. ಅತ್ತೆ ಪ್ರತಿ ದೀಪಾವಳಿಗೆ ಆ ರೂಪಾಯಿಯನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿ, ಅರಿಶಿನ ಕುಂಕುಮ ಇಟ್ಟು ಲಕ್ಷ್ಮಿಯ ಮುಂದೆ ಪೂಜಿಸುತ್ತಾರೆ. ಲಕ್ಷ್ಮಿಯ ಮುಂದೆ ಕೊಳಕು ದುಡ್ಡು ಇಡುವವರು ನಮ್ಮ ಕಡೆ ಯಾರಿದ್ದಾರೆ? ಆದರೆ ನಾಣ್ಯದ ತಜ್ಞರ ಪ್ರಕಾರ ಹುಣಸೆಹಣ್ಣು ಹಾಕಿ ತೊಳೆಯುವುದೇ ಮಹಾಪರಾಧವಂತೆ, ಕೊಳೆಯಿದ್ದರೇನೇ ಮರ್ಯಾದೆಯಂತೆ. ತೊಳೆಯದೆ ಬಿಟ್ಟ ನನ್ನ ಸ್ಕೂಟರ್ ಬಗ್ಗೆ ನನಗೆ ಮೊದಲ ಸಲ ಗೌರವ ಬಂತು.

ಅತ್ತೆಗೆ ಹೇಳಲಿಲ್ಲ. ಹೇಗೆ ಹೇಳುವುದು? ಅವರು ದಿನಾ ಫೋನು ಮಾಡಿ, ಬಂತೇನ್ಲಾ ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಅತ್ತೆ, ಕಂಪನಿಯಲ್ಲಿ ಕ್ಯೂ ಇದೆ ಎಂದು ಸರ್ಕಾರಿ ನೌಕರನಿಗೆ ಸಹಜವಾಗಿ ಬರುವ ಉತ್ತರ ಕೊಟ್ಟು, ಚೀಟಿಯನ್ನು ಸಿರಾಗೆ ತೆಗೆದುಕೊಂಡು ಹೋದೆ. ಬಾಷಾ ಓದಿ ಗಂಭೀರವಾದರು. “ನಂಗೂ ಅವತ್ತೇ ಒಂಚೂರು ಡೌಟ್ ಇತ್ತು ಸಾರ್,” ಎಂದರು. ನಾನು ಬೆಚ್ಚಿ ಅವರ ಮುಖ ನೋಡಿದೆ. ಕಸಮ್ ಹಾಕಿದ್ದ ಮುಖ ಅದೇ, ಒಂದಿಷ್ಟೂ ಬದಲಾಗಿರಲಿಲ್ಲ. ಆಮೇಲೆ ಅವರೇ ಸಮಾಧಾನ ಹೇಳಿದರು. ಇದನ್ನೇ ಮತ್ತೆ ಕಳಿಸಿ ಸಾರ್, ಬೇರೆ ದಿನ, ಬೇರೆ ಮೇಜು, ಬೇರೆ ಕಣ್ಣು, ಎಷ್ಟೋ ಜನ ಹಾಗೇ ಮಾಡೋದು ಎಂದರು. ತೊಳೆಯಬೇಕೇ, ಬಿಸಿಲಿಗಿಡಬೇಕೇ ಎಂದು ಕೇಳಿದೆ. ಏನೂ ಬೇಡ, ಹಾಗೇ ಕಳಿಸಿ ಎಂದರು.

ಇಲ್ಲಿ ನನ್ನ ತಲೆ ಸುತ್ತತೊಡಗಿತು. ಬಾಷಾ ತಮ್ಮ ಮೊಬೈಲಿನಲ್ಲಿ ನಾಣ್ಯದವರ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದ್ದರು. ಅದರಲ್ಲಿ ಒಬ್ಬರು ಒಂದೇ ನಾಣ್ಯವನ್ನು ಮತ್ತೆ ಮತ್ತೆ ಕಳಿಸಿ, ಪ್ರತಿ ಸಲವೂ ಬೇರೆ ಬೇರೆ ದರ್ಜೆ ಪಡೆದು, ಎಲ್ಲಕ್ಕಿಂತ ಮೇಲಿನದನ್ನು ಇಟ್ಟುಕೊಂಡಿದ್ದರಂತೆ. ದರ್ಜೆ ಸಾಲದೆನಿಸಿದರೆ ಡಬ್ಬಿ ಒಡೆದು ಮತ್ತೆ ಕಳಿಸುವುದಂತೆ. ಇದನ್ನು ಕೇಳಿ ನಮ್ಮ ಮರುಮೌಲ್ಯಮಾಪನವೇ ನೆನಪಾಯಿತು, ಅಲ್ಲಾದರೂ ಹುಡುಗರು ಉತ್ತರಪತ್ರಿಕೆಯನ್ನು ಸುತ್ತಿಗೆಯಿಂದ ಒಡೆಯುವುದಿಲ್ಲ. ಇದಕ್ಕಿಂತ ಭಯಂಕರವಾದ ಸಂಗತಿ ಇನ್ನೊಂದಿತ್ತು. ಈಗ ಡಬ್ಬಿಗಳೇ ಖೋಟಾ ಬರುತ್ತಿವೆಯಂತೆ. ಖೋಟಾ ನಾಣ್ಯ, ಖೋಟಾ ಚೀಟಿ, ಖೋಟಾ ಮುದ್ರೆ, ಎಲ್ಲ ಸೇರಿಸಿ ಒಂದು ಅಸಲಿಯಂಥ ಡಬ್ಬಿ. ಹಾಗಾದರೆ ಡಬ್ಬಿ ಅಸಲಿಯೋ ಎಂದು ನೋಡಲು ಇನ್ನೊಂದು ಕಂಪನಿ ಬೇಕಲ್ಲ, ಆ ಕಂಪನಿಯ ಡಬ್ಬಿಯನ್ನು ಯಾರು ನೋಡುವುದು? ಈ ಯೋಚನೆ ಬಂದ ದಿನ ನಾನು ಕಚೇರಿಯಲ್ಲಿ ಯಾರೋ ತಂದ ಜಾತಿ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡುತ್ತಿದ್ದೆನಂತೆ. ಅರ್ಜಿದಾರ ಹೆದರಿ ಟೀ ತರಿಸಲೇ ಎಂದು ಕೇಳಿದನಂತೆ.

ಆದರೂ ಎರಡನೆಯ ಸಲ ಕಳಿಸಿದೆ. ಅದೇ ಹೆಸರು ನೋಡಿದರೆ ಗುರುತು ಹಿಡಿದಾರು ಎಂದು ಪುಷ್ಪಳ ಹೆಸರಿನಲ್ಲಿ ಕಳಿಸಿದೆ. ರೂಪಾಯಿಗೆ ಏನೂ ಮಾಡಲಿಲ್ಲ, ಉಸಿರು ಸಹ ತಾಗಿಸಲಿಲ್ಲ. ಈ ಸಲ ಗಟ್ಟಿಯಾದ ಡಬ್ಬಿಯೇ ಬಂತು. ಒಳಗೆ ರಾಣಿ ಗಾಜಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದಳು. ಮೇಲಿನ ಚೀಟಿಯಲ್ಲಿ ಒಂದು ಉದ್ದನೆಯ ನಂಬರು, ಕರೆಂಟ್ ಬಿಲ್ಲಿನಲ್ಲಿರುವಂಥ ಕಪ್ಪು ಗೆರೆಗಳು, ಅಸಲಿ ಎಂಬ ಮಾತು, ದಪ್ಪಕ್ಷರದಲ್ಲಿ ‘ವೆರಿ ಫೈನ್’. ಹುಣಸೆಹಣ್ಣಿನ ಸುದ್ದಿಯೇ ಇಲ್ಲ. ಅದೇ ಕಂಪನಿ, ಅದೇ ರೂಪಾಯಿ, ಅದೇ ಅತ್ತೆಯ ಅದೇ ಉಜ್ಜು. ನನಗೆ ಸಂತೋಷಪಡಬೇಕೋ ಗಾಬರಿಪಡಬೇಕೋ ತಿಳಿಯದೆ, ಎರಡನ್ನೂ ಒಟ್ಟಿಗೆ ಮಾಡಿದೆ. ಬಾಷಾಗೆ ಫೋನು ಮಾಡಿದರೆ, “ನಾನ್ ಹೇಳ್ಲಿಲ್ವಾ ಸಾರ್, ಏಕ್‌ದಮ್ ಅಸ್ಲಿ,” ಎಂದರು.

ಅತ್ತೆಗೆ ಫೋನು ಮಾಡಿ, ಬಂತು ಅತ್ತೆ, ವೆರಿ ಫೈನ್ ಅಂತ ಹಾಕಿದ್ದಾರೆ ಎಂದೆ.

“ಫೈನ್ ಹಾಕವ್ರಾ?” ಎಂದರು ಅತ್ತೆ. “ಖೋಟಾ ಮಡಿಕ್ಕೊಂಡಿದ್ದುಕ್ಕೆ ದಂಡ ಹಾಕವ್ರೇನ್ಲಾ? ವೆರಿ ಅಂದ್ರೆ ಜಾಸ್ತಿನೇ ಅಲ್ವಾ. ನಿನ್ ಕೆಲ್ಸುಕ್ಕೇನೂ ತೊಂದ್ರೆ ಇಲ್ಲ ತಾನೆ?”

ಇದು ದಂಡದ ಫೈನ್ ಅಲ್ಲ, ಚೆನ್ನಾಗಿದೆ ಎನ್ನುವ ಫೈನ್, ಅದು ಅಸಲಿಯಂತೆ ಎಂದು ನಾನು ಮೂರು ರೀತಿಯಲ್ಲಿ ತಿಳಿಸಿ ಹೇಳಬೇಕಾಯಿತು. ನಂಬಿದ ಮೇಲೆ ಮೂಗು ಸೀಟಿದ ಸದ್ದು ಕೇಳಿಸಿತು. ಆಮೇಲೆ, ಮದುವೆ ದಿನ ತಗೊಂಬಾ ಎಂದಷ್ಟೇ ಹೇಳಿ ಇಟ್ಟರು. ಮೊದಲ ಚೀಟಿಯ ಸಂಗತಿಯನ್ನು ನಾನು ಹೇಳಲಿಲ್ಲ. ನಾನು ಹೊತ್ತುಕೊಂಡು ಹೋಗುತ್ತಿದ್ದದ್ದು ಪೂರ್ತಿ ಅಸಲಿಯೋ, ಅರ್ಧ ಅಸಲಿಯೋ, ಮಂಗಳವಾರ ನಕಲಿ ಶುಕ್ರವಾರ ಅಸಲಿಯೋ, ಯಾರಿಗೆ ಗೊತ್ತು?

ಕೊರಟಗೆರೆಯ ಮಂಟಪದಲ್ಲಿ ಮುಹೂರ್ತ ಮುಗಿದು, ಊಟ ಮುಗಿದು, ಹೆಣ್ಣು ಒಪ್ಪಿಸುವ ಹೊತ್ತಾಯಿತು. ಅಡುಗೆಮನೆಯ ಪಕ್ಕದ ಜಗಲಿಯ ಮೇಲೆ ಹೆಂಗಸರು ಸೇರಿದ್ದರು. ಕದಿರಮ್ಮನವರು ಎಂದಿನಂತೆ ಬಲತುದಿಯ ಕುರ್ಚಿ ಹಿಡಿದಿದ್ದರು. ಚೈತ್ರಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬಳೆ ಬಿದ್ದವು. ಅತ್ತೆ ನನ್ನ ಕಡೆ ನೋಡಿದರು. ನಾನು ಜೇಬಿನಿಂದ ಡಬ್ಬಿ ತೆಗೆದು ಕೊಟ್ಟೆ. ಅತ್ತೆ ಅದನ್ನು ಮೊಮ್ಮಗಳ ಮಡಿಲಿಗೆ ಹಾಕುವ ಬದಲು ನೇರವಾಗಿ ಕದಿರಮ್ಮನವರ ಕೈಗೇ ಕೊಟ್ಟರು. ಆ ಧೈರ್ಯಕ್ಕೆ ಅವರು ಎಷ್ಟು ವರ್ಷ ಕಾದಿದ್ದರೋ ಏನೋ.

ಕದಿರಮ್ಮನವರು ಡಬ್ಬಿಯನ್ನು ತಿರುಗಿಸಿ ನೋಡಿ, “ಏಮಿ ನರಸೀ, ನಿನ್ ರೂಪಾಯಿ ಕೋಟು ಹಾಕ್ಕೊಂಡು ಬಂದೈತೆ,” ಎಂದರು. ಎಲ್ಲರೂ ನಕ್ಕರು. ನಾನು ಮುಂದೆ ಬಂದು ಕಂಪನಿ, ತಜ್ಞರು, ಭೂತಗನ್ನಡಿ, ವೆರಿ ಫೈನ್ ಎಂದೆಲ್ಲ ವಿವರಿಸಿದೆ. ಅವರು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬಗ್ಗಿ, ಡಬ್ಬಿಯನ್ನು ಜಗಲಿಯ ಕಲ್ಲಿಗೆ ಬಡಿದರು. ಟಪ್ ಎಂದಿತು. ಸೋಪಿನ ಡಬ್ಬಿ ಬಿದ್ದ ಹಾಗೆ.

“ಅವತ್ತೂ ಶಬ್ದಂ ಲೇದು, ಇವತ್ತೂ ಲೇದು,” ಎಂದರು. ಈ ಸಲ ಯಾರೂ ನಗಲಿಲ್ಲ.

ನಾನು ಗಂಡಿನ ಕಡೆಯವರನ್ನು ನೋಡಿದೆ. ಆಗಷ್ಟೇ ಬಂದ ಹುಡುಗನ ತಾಯಿ ಏನಾಯಿತೆಂದು ಪಕ್ಕದವರ ಕಿವಿಯಲ್ಲಿ ಕೇಳುತ್ತಿದ್ದರು. ಅತ್ತೆಯ ಮುಖ ನೋಡಲಾಗಲಿಲ್ಲ. ನನ್ನ ಕೈಗೆ ಅದೆಲ್ಲಿಂದ ಬಂತೋ ಗೊತ್ತಿಲ್ಲ, ಅಡುಗೆಯವರು ತೆಂಗಿನಕಾಯಿ ಒಡೆಯುವ ಮಚ್ಚು ಬಂದಿತ್ತು. ಡಬ್ಬಿ ಒಡೆದರೆ ದರ್ಜೆ ರದ್ದು ಎನ್ನುವುದು ಕಂಪನಿಯ ನಿಯಮ. ನಾನು ಜೀವನದಲ್ಲಿ ಒಂದು ನಿಯಮವನ್ನೂ ಮುರಿದವನಲ್ಲ, ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವವನು. ಮಚ್ಚಿನ ಹಿಂಬದಿಯಿಂದ ಒಂದು ಏಟು ಹಾಕಿದೆ. ದೇವರೂ ಬಿಚ್ಚಲಾಗದ ಡಬ್ಬಿ ಹಪ್ಪಳದ ಹಾಗೆ ಮುರಿಯಿತು. ರೂಪಾಯಿ ಹೊರಗೆ ಉರುಳಿತು, ಚೀಟಿ ಒಂದು ಕಡೆ ಬಿತ್ತು. ಅತ್ತೆ ರೂಪಾಯಿ ಎತ್ತಿಕೊಂಡು, ಕದಿರಮ್ಮನವರ ಬಲಗಡೆ ಮಂಡಿಯೂರಿ, ಕಲ್ಲಿನ ಮೇಲೆ ಬಿಟ್ಟರು.

ಠಣ್ ಎಂದಿತು. ಎಂಥ ಸದ್ದು ಅಂತೀರಿ. ಸೌಟು ಹಿಡಿದಿದ್ದ ಅಡುಗೆಯವರು ತಿರುಗಿ ನೋಡಿದರು. ಎತ್ತಲೋ ಓಡುತ್ತಿದ್ದ ಮಕ್ಕಳು ನಿಂತವು. ಕದಿರಮ್ಮನವರು ಮಾತ್ರ ಕಲ್ಲನ್ನೇ ನೋಡುತ್ತಾ, “ಏದೀ? ಬರ್ಲಿಲ್ವಲ್ಲ,” ಎಂದರು.

ಅದು ತುಂಟತನದ ಮಾತಾಗಿರಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಿಜವಾಗಿಯೂ ಬಂದಿರಲಿಲ್ಲ. ನಾವೆಲ್ಲ ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ಚೈತ್ರ, ಮಡಿಲು ತುಂಬಿಕೊಂಡಿದ್ದ ಮದುವಣಗಿತ್ತಿ, ಒಂದು ಕೈಯಲ್ಲಿ ಸೆರಗು ಹಿಡಿದು ಎದ್ದು, ಕಲ್ಲಿನ ಮೇಲಿದ್ದ ರೂಪಾಯಿ ಎತ್ತಿಕೊಂಡು, ಕದಿರಮ್ಮನವರ ಎಡಗಡೆಗೆ ಹೋದಳು. “ದೊಡ್ಡಜ್ಜಿ, ಒಂಚೂರು ಈ ಕಡೆ,” ಎಂದು ಕಲ್ಲಿನ ಮೇಲೆ ಬಿಟ್ಟಳು. ಕದಿರಮ್ಮನವರು ಕೂತಲ್ಲೇ ಬೆಚ್ಚಿದರು.

“ಬಂತು,” ಎಂದರು.

ಅತ್ತೆ ಮಂಡಿಯೂರಿದ್ದಲ್ಲಿಂದ ಏಳದೆ, ಬಹಳ ನಿಧಾನವಾಗಿ ಕೇಳಿದರು. “ಅಕ್ಕಾ, ಅವತ್ತು ಒರಳಿನ ಯಾವ ಕಡೆ ಕುಂತಿದ್ದೆ ನೀನು?”

ಕದಿರಮ್ಮನವರು ತಲೆ ತಗ್ಗಿಸಿ ಕೂತಿದ್ದರು. ಅವರು ಹೀಗೆ ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊನೆಗೆ ಬಲಗಿವಿಯನ್ನು ಮುಟ್ಟಿಕೊಂಡು ಹೇಳಿದರು. “ಒರಳು ಈ ಕಡೇನೇ ಇತ್ತು. ಚಿಕ್ಕಂದಿನಾಗೆ ಈ ಕಿವಿ ಸೋರಿ ಸೋರಿ ಚೆಡಿಪೋಯ್ತು, ಆ ಕಿವಿಗೂ ಪಕ್ಕದ್ದಷ್ಟೇ ಕೇಳೋದು. ಎವರಿಕೀ ಚೆಪ್ಪೊದ್ದು, ಯಾರಿಗೂ ಹೇಳ್ಬ್ಯಾಡ ಅಂತ ನಮ್ಮಮ್ಮ ಬಾಯಿಗೆ ಬೀಗ ಹಾಕಿ ಕೊಟ್ಲು ಆ ಮನಿಗೆ. ಹೇಳಿದ್ರೆ ಖೋಟಾ ಅನ್ನಿಸ್ಕೊಂತಿದ್ದದ್ದು ನಾನು, ನರಸೀ. ನಿನ್ ರೂಪಾಯಿ ಅಲ್ಲ.”

ಅಂದರೆ, ನನ್ನ ಅತ್ತೆಯ ತವರಿಗೆ ಮೊಟ್ಟಮೊದಲು ದರ್ಜೆ ಹಾಕಿದ ತಜ್ಞರಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಆ ಒಂದು ತೀರ್ಪನ್ನು ಹೊತ್ತುಕೊಂಡು ಒಬ್ಬ ಹೆಂಗಸು ಸೊಸೆಯಾಗಿ, ತಾಯಿಯಾಗಿ, ಅಜ್ಜಿಯಾಗಿದ್ದರು. ತೀರ್ಪು ಕೊಟ್ಟವರು ಎಡಗಿವಿ ಜನರ ಕಡೆಗಿರಲಿ ಎಂದು ಅಷ್ಟೇ ವರ್ಷ ಬಲತುದಿಯ ಕುರ್ಚಿ ಹುಡುಕಿಕೊಂಡು ಕೂತಿದ್ದರು. ಗತ್ತು ಎಂದುಕೊಂಡಿದ್ದ ನಾವು ಎಂಥ ಪ್ರಥಮ ದರ್ಜೆಯ ಪೆದ್ದರು. ನಾನು ದಂಗಾಗಿ, ಮಚ್ಚು ಹಿಡಿದುಕೊಂಡೇ ನಿಂತಿದ್ದೆನಂತೆ. ಪುಷ್ಪ ಬಂದು ಇಸಿದುಕೊಂಡಳು.

ಅತ್ತೆ ಜಗಳಕ್ಕೆ ನಿಲ್ಲುತ್ತಾರೋ, ಅಳುತ್ತಾರೋ ಎಂದು ನಾನು ಹೆದರಿದ್ದೆ. ಅವೆರಡೂ ಆಗಲಿಲ್ಲ. ಅವರು ಕೈಯೂರಿ ಎದ್ದು, ರೂಪಾಯಿಯನ್ನು ಚೈತ್ರಳ ಮಡಿಲಿಗೆ ಹಾಕಿ, ಒಂದು ಕುರ್ಚಿ ಎಳೆದುಕೊಂಡು ಕದಿರಮ್ಮನವರ ಎಡಗಡೆ ಹೋಗಿ ಕೂತರು. “ಇನ್ಮೇಲೆ ಈ ಕಡೆಯಿಂದ್ಲೇ ಬಯ್ತೀನಿ ಬುಡು, ಪೂರ್ತಿ ಕೇಳ್ಸಲಿ,” ಎಂದರು. ಕದಿರಮ್ಮನವರು ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಂಡಿನವರ ವ್ಯಾನು ಹೊರಡುವವರೆಗೂ ಅವರಿಬ್ಬರೂ ಅಲ್ಲೇ ಕೂತು ಏನೇನೋ ಮಾತಾಡುತ್ತಿದ್ದರು. ಹೆಚ್ಚಾಗಿ ಬೈಗುಳವೇ ಇತ್ತು ಎಂದು ಪುಷ್ಪ ಹೇಳಿದಳು.

ಕಂಪನಿಯವರ ಬಗ್ಗೆ ನನಗೀಗ ಸಿಟ್ಟಿಲ್ಲ. ಅವರಿಗೂ ಒಂದೊಂದು ದಿನ ಒಂದೊಂದು ಕಡೆಯ ಕಿವಿಯೋ ಕಣ್ಣೋ ಮಂದವಾಗುತ್ತಿರಬಹುದು. ಅವರು ಯಾವ ಕುರ್ಚಿ ಹಿಡಿದು ಕೂತಿರುತ್ತಾರೋ ನಮಗೆ ಕಾಣುವುದಿಲ್ಲ, ಅಷ್ಟೇ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ನಾನು ನಿಶ್ಚಿಂತೆಯಿಂದ ಮಲಗಿದೆ. ಕೊರಿಯರ್ ಕಳೆಯಲಿಲ್ಲ, ಪೊಲೀಸರು ಬರಲಿಲ್ಲ, ಬಚ್ಚಲುಮನೆ ಹಾಗೇ ಇದೆ, ಹೆಂಡತಿಯ ಅಣ್ಣ ಮದುವೆಗೆ ಬಂದು ಉಂಡು ಹೋದರು. ಇನ್ನೇನು ತಪ್ಪಬಹುದು?

ಮೊನ್ನೆ ಸಿರಾದಿಂದ ಫೋನು ಬಂತು. ಚೈತ್ರಳ ಅತ್ತೆ, ಹುಡುಗನ ತಾಯಿ. ಮೊದಲು ಮಳೆ, ಬೆಳೆ, ನನ್ನ ಬಿ.ಪಿ. ಎಲ್ಲ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ, ಬಾಗಿಲು ಮುಂದಕ್ಕೆ ಮಾಡಿಕೊಂಡು ಮಾತಾಡುವವರ ಹಾಗೆ ಹೇಳಿದರು.

“ಅಣ್ಣಾ, ತಪ್ಪು ತಿಳ್ಕಬ್ಯಾಡಿ. ಮಡ್ಲಕ್ಕಿ ಬಿಚ್ಚಿದಾಗ ಒಂದು ಚೀಟಿ ಸಿಕ್ತು. ನಂಬರೈತೆ, ಕಪ್ಪುಕಪ್ಪು ಗೆರೆ ಅವೆ, ವೆರಿ ಫೈನ್ ಅಂತ ಐತೆ ಅಂದ ನಮ್ ಹುಡುಗ. ಚೈತ್ರ ತವರಿನಾಗೆ ಸ್ಕೂಟಿ ಓಡಿಸ್ತಿದ್ಲಂತಲ್ಲ. ಹೆಲ್ಮೆಟ್ ಫೈನಾ, ಇಲ್ಲ ಇನ್ನೇನಾದ್ರೂನಾ? ಇದ್ರೆ ಹೇಳ್ಬುಡಿ, ನಾವೇನ್ ಅನ್ನಾಕಿಲ್ಲ. ಮುಚ್ಚಿಡಬಾರ್ದಿತ್ತು, ಅಷ್ಟೇಯ.”

ಇದು ದಂಡದ ಫೈನ್ ಅಲ್ಲ, ಚೆನ್ನಾಗಿದೆ ಎನ್ನುವ ಫೈನ್ ಎಂದು ಮೂರು ರೀತಿಯಲ್ಲಿ ಹೇಳಿದೆ. ಆಯ್ತು ಬುಡಿ ಎಂದರು. ಆ ‘ಆಯ್ತು ಬುಡಿ’ ಯಾವ ದರ್ಜೆಯದು ಎಂದು ನನಗೆ ಗೊತ್ತು. ಇನ್ನು ಹಬ್ಬವಿರಲಿ, ನಾಮಕರಣವಿರಲಿ, ಆ ಮನೆಯಲ್ಲಿ ಚೈತ್ರಳ ತವರಿನ ಮಾತು ಬಂದಾಗಲೆಲ್ಲ ಯಾವ ಒಗ್ಗರಣೆ ಬೀಳಬಹುದು ಎಂಬುದೂ ಗೊತ್ತು. ಆ ಚೀಟಿ ಅಲ್ಲಿಗೆ ಹೇಗೆ ಬಂತು ಎಂದು ಅವರು ಕೇಳಲಿಲ್ಲ, ಸದ್ಯ. ಮಚ್ಚಿನ ಏಟಿಗೆ ಒಂದು ಕಡೆ ಬಿದ್ದಿದ್ದ ಅದನ್ನು, ಮುಂದೆ ಯಾರಾದರೂ ರೂಪಾಯಿಯನ್ನು ಅನುಮಾನಿಸಿದರೆ ಜೊತೆಗಿರಲಿ ಎಂದು, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಯಾರಿಗೂ ಕಾಣದ ಹಾಗೆ, ಅಕ್ಕಿಯ ಕೆಳಗೆ ತೂರಿಸಿದವನು ನಾನೇ.